ಆಶ್ರಯ ಕೊಟ್ಟ ದೇಶಕ್ಕೆ ದಂಡನೆ: ಯಾರು, ಯಾವ ನಿಯಮದಡಿ?

ಕೇಳುಗರಿಗೆ ನಮಸ್ಕಾರ. ಉಗ್ರರಿಗೆ ಆಶ್ರಯ ಕೊಡುವ ದೇಶಗಳ ಮೇಲೆ ನಿರ್ಬಂಧ ಹೇರುವುದು ದೆಹಲಿ, ನ್ಯೂಯಾರ್ಕ್‌ನವರ ಚರ್ಚೆ ಎಂದು ಕಾಸರಗೋಡಿನವರಾದ ನಾವು ಸುಮ್ಮನಿರುವಂತಿಲ್ಲ. 2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹ್ರೈನ್ ಮತ್ತು ಈಜಿಪ್ಟ್ ದೇಶಗಳು ಭಯೋತ್ಪಾದನೆಗೆ ಬೆಂಬಲ ಕೊಡುತ್ತಿದೆ ಎಂದು ಆರೋಪಿಸಿ ಕತಾರ್ ಜತೆಗಿನ ಸಂಬಂಧ ಕಡಿದುಕೊಂಡಾಗ, ಅಣ್ಣ ದುಬೈಯಲ್ಲಿ, ತಮ್ಮ ದೋಹಾದಲ್ಲಿ ದುಡಿಯುವ ಮನೆಗಳಿಗೆ ಉಪ್ಪಳ, ಕುಂಬಳೆಯ ಕಡೆ ಬರವಿರಲಿಲ್ಲ. ಇಬ್ಬರ ನಡುವಿನ ಒಂದು ಗಂಟೆಯ ಆಸುಪಾಸಿನ ವಿಮಾನಯಾನಕ್ಕೆ ಮಸ್ಕತ್ತನ್ನೋ ಕುವೈತನ್ನೋ ಸುತ್ತಬೇಕಾಯಿತು. ಸೌದಿ ಗಡಿ ಮುಚ್ಚಿ ಹಾಲಿನ ಪೂರೈಕೆ ನಿಂತದ್ದರಿಂದ ಕತಾರಿಗೆ ವಿಮಾನದಲ್ಲಿ ಹಸುಗಳೇ ಬಂದಿಳಿದವು. ಮುಂದಿಟ್ಟ 13 ಬೇಡಿಕೆಗಳಲ್ಲಿ ಅಲ್ ಜಜೀರಾ ವಾಹಿನಿಯನ್ನು ಮುಚ್ಚಬೇಕೆಂಬುದೂ ಸೇರಿತ್ತು. 2021ರ ಜನವರಿಯಲ್ಲಿ ರಾಜಿಯಾದಾಗಲೂ ಆ ವಾಹಿನಿ ನಡೆಯುತ್ತಲೇ ಇತ್ತು. ಭಯೋತ್ಪಾದನೆಯ ಹೆಸರಿನಲ್ಲಿ ಹಳೆಯ ಹಗೆ ತೀರಿಸಿಕೊಳ್ಳುವ ಇಂಥ ದಿಗ್ಬಂಧನವನ್ನು ನಾನು ನಿರ್ಬಂಧವೆಂದು ಒಪ್ಪಲಾರೆ.

ಲಿಬಿಯಾದ ಪ್ರಕರಣ ಬೇರೆ. 1988ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿ ಪಟ್ಟಣದ ಮೇಲೆ ವಿಮಾನ ಸ್ಫೋಟಿಸಿ 270 ಮಂದಿ ಸತ್ತರು. ಇಬ್ಬರು ಆರೋಪಿಗಳನ್ನು ಒಪ್ಪಿಸದ ಲಿಬಿಯಾದ ಮೇಲೆ ಭದ್ರತಾ ಮಂಡಳಿಯು 1992ರಲ್ಲಿ 748ನೇ ಠರಾವಿನ ಮೂಲಕ ವಿಮಾನ ಸಂಚಾರ ಹಾಗೂ ಶಸ್ತ್ರಾಸ್ತ್ರ ನಿರ್ಬಂಧ ಹೇರಿತು. ಬೇಡಿಕೆ ಯಾವುದೆಂಬುದರಲ್ಲಿ ಗೊಂದಲವಿರಲಿಲ್ಲ. ಏಳು ವರ್ಷ ತಡವಾದರೂ 1999ರ ಏಪ್ರಿಲ್‌ನಲ್ಲಿ ಇಬ್ಬರೂ ನೆದರ್ಲೆಂಡ್ಸ್‌ಗೆ ಬಂದರು, ಸ್ಕಾಟ್ಲೆಂಡಿನ ನ್ಯಾಯಾಧೀಶರೆದುರು ವಿಚಾರಣೆ ನಡೆಯಿತು. ಅದೇ ವರ್ಷ ಒಸಾಮಾ ಬಿನ್ ಲಾಡೆನ್‌ನನ್ನು ಒಪ್ಪಿಸಬೇಕೆಂದು ತಾಲಿಬಾನ್ ಮೇಲೆ 1267ನೇ ಠರಾವಿನ ನಿರ್ಬಂಧ ಬಂದರೂ ಅವರು ಜಗ್ಗಲಿಲ್ಲ ಎಂಬುದನ್ನೂ ಹೇಳಲೇಬೇಕು. ಹೊರಜಗತ್ತಿನ ವ್ಯವಹಾರವೇ ಅಷ್ಟಾಗಿ ಬೇಕಿಲ್ಲದವರಿಗೆ ಅದನ್ನು ತಡೆದು ಬೆದರಿಸುವುದು ಸುಲಭವಲ್ಲ.

748ರ ಪರವಾಗಿ ಹತ್ತು ಮತಗಳು ಬಿದ್ದವು, ಐದು ದೇಶಗಳು ತಟಸ್ಥವಾಗುಳಿದವು. ಆ ಐದರಲ್ಲಿ ಚೀನಾ ಇತ್ತು, ಭಾರತವೂ ಇತ್ತು! ಇಂದು ನಮ್ಮ ಟಿವಿ ಚರ್ಚೆಗಳಲ್ಲಿ ಮೇಜು ಕುಟ್ಟುವವರು ಯಾರೂ ಇದನ್ನು ಎತ್ತುವುದಿಲ್ಲ.

ಹಾಗೆಂದು ಚೀನಾದ ಈಚಿನ ನಡೆಯನ್ನು ಮನ್ನಿಸಬೇಕಾಗಿಲ್ಲ. ಜೈಷ್-ಎ-ಮೊಹಮ್ಮದ್ ಸಂಘಟನೆ 2001ರಲ್ಲೇ ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿ ಸೇರಿದ್ದರೂ ಚೀನಾದ ತಡೆಯಿಂದಾಗಿ ಅದರ ಮುಖ್ಯಸ್ಥ ಮಸೂದ್ ಅಜರ್‌ನ ಹೆಸರು ಸೇರಿದ್ದು 2019ರ ಮೇ 1ರಂದು, ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಸತ್ತ ಮೇಲೆ. ಆ ಪಟ್ಟಿಯನ್ನು ನೋಡಿಕೊಳ್ಳುವ ಭದ್ರತಾ ಮಂಡಳಿಯ 1267 ಸಮಿತಿಯು ಒಮ್ಮತದಿಂದ ನಡೆಯುವುದರಿಂದ ಹದಿನೈದು ಸದಸ್ಯರಲ್ಲಿ ಒಬ್ಬರು ‘ತಾಂತ್ರಿಕ ತಡೆ’ ಎಂದರೆ ಸಾಕು, ಪ್ರಸ್ತಾವ ತಿಂಗಳುಗಟ್ಟಲೆ ಅಲ್ಲೇ ಕೊಳೆಯುತ್ತದೆ. ಕಾರಣವನ್ನು ಜಗತ್ತಿನೆದುರು ಹೇಳುವ ಹಂಗೂ ಇಲ್ಲ. ಪಾಕಿಸ್ತಾನವನ್ನೇ ದಂಡಿಸಿ ಎಂದು ಕೂಗುವುದಕ್ಕಿಂತ, ತಡೆ ಒಡ್ಡುವವರು ಕಾರಣವನ್ನು ಲಿಖಿತವಾಗಿ ಪ್ರಕಟಿಸಬೇಕೆಂಬ ನಿಯಮಕ್ಕೆ ಭಾರತ ಪಟ್ಟು ಹಿಡಿಯುವುದು ಮೇಲು. ಅಂಥ ನಿಯಮವಿದ್ದಿದ್ದರೆ, 26/11ರ ಸಂಚಿನ ಆರೋಪಿ ಸಾಜಿದ್ ಮೀರ್‌ನನ್ನು ಪಟ್ಟಿಗೆ ಸೇರಿಸುವ ಪ್ರಸ್ತಾವವನ್ನು 2023ರ ಜೂನ್‌ನಲ್ಲಿ ತಡೆದ ಚೀನಾ, ಏಕೆ ತಡೆದೆನೆಂದು ಸಹಿ ಹಾಕಿ ಬರೆದುಕೊಡಬೇಕಾಗುತ್ತಿತ್ತು.