ನೊಣ ನೋಡಿ ಚಾಕು ಕೊಳ್ಳಬೇಡಿ

ಫ್ರಾನ್ಸಿನ ಹಳೇ ಮಡಚು ಚಾಕು ಕೂಡಿಡಬೇಕು ಅಂತ ಹೊರಟವರು ಮೊದಲು ಮರುಳಾಗೋದು ಲಾಯೋಲ್ ಚಾಕುವಿನ ಬೆನ್ನ ಮೇಲೆ ಕೂತಿರೋ ಆ ಜೇನುನೊಣಕ್ಕೆ. ಅದು ನೆಪೋಲಿಯನ್ ಕೊಟ್ಟ ಬಿರುದು ಅಂತ ಮಾರೋರು ಕತೆ ಕಟ್ತಾರೆ. ನೆಪೋಲಿಯನ್ ಸತ್ತಿದ್ದು 1821ರಲ್ಲಿ. ಅವೇರಾನ್ ಸೀಮೆಯ ಲಾಯೋಲ್ ಊರಲ್ಲಿ ಈ ಚಾಕು ಹುಟ್ಟಿದ್ದು 1829ರ ಹೊತ್ತಿಗೆ. ನೊಣ ಬಂದಿದ್ದು ಇನ್ನೂ ತಡವಾಗಿ, 20ನೇ ಶತಮಾನದಲ್ಲಿ. ಹಾಗಾಗಿ ನೊಣ ಇರೋ ಚಾಕುವನ್ನ 1850ರದು ಅಂದ್ರೆ ಕೈಮುಗಿದು ಎದ್ದು ಬನ್ನಿ.

ಹೆಸರನ್ನೂ ನಂಬೋ ಹಾಗಿಲ್ಲ. ಚೀನಾ, ಪಾಕಿಸ್ತಾನದಲ್ಲಿ ಮಾಡಿದ ಚಾಕುಗಳ ಮೇಲೂ ಅದೇ ಹೆಸರು ಇರತ್ತೆ. ಫ್ರಾನ್ಸಿನದೇ ಆದರೂ ಎಷ್ಟೋ ಚಾಕು ತಿಯೇರ್ ಊರಿನವು. ಅದೇನು ಕಳಪೆ ಅಲ್ಲ. ಶತಮಾನಗಳಿಂದ ಚಾಕು ಮಾಡ್ಕೊಂಡೇ ಬದುಕಿದ ಊರದು.

ನೋಡಬೇಕಾದ್ದು ಬೇರೆ. ಚಾಕು ಮಡಚಿ, ಹಿಡಿಯ ಸೀಳಿನ ಕಡೆಯಿಂದ ನೋಡಿ: ಅಲಗು ನಡುವೆ ನಿಂತಿದೆಯಾ, ಒಂದು ಪಕ್ಕಕ್ಕೆ ಒರಗಿದೆಯಾ? ಬೆನ್ನನ್ನ ಬೆಳಕಿಗೆ ಹಿಡೀರಿ. ಬೆನ್ನುದ್ದಕ್ಕೂ ಇರೋ ಉಕ್ಕಿನ ಪಟ್ಟಿಯೇ ಸ್ಪ್ರಿಂಗ್, ಅದರ ಪಕ್ಕದಲ್ಲಿ ಬೆಳಕು ತೂರಿ ಬಂದ್ರೆ ಜೋಡಣೆ ಸಡಿಲ. ನೊಣದ ಬುಡದಲ್ಲಿ ಸಣ್ಣ ಗೆರೆ ಕಂಡ್ರೆ ಬೆಸುಗೆ ಹಾಕಿ ಕೂರಿಸಿದ್ದು. ಒಳ್ಳೇ ಕೆಲಸದಲ್ಲಿ ಸ್ಪ್ರಿಂಗ್, ನೊಣ ಎರಡೂ ಒಂದೇ ಉಕ್ಕಿನ ತುಂಡು. ಇನ್ನೊಂದು, ಮಡಚುವಾಗ ಟಪ್ ಅಂತ ಬಿಡಬೇಡಿ. ಎಷ್ಟೋ ಲಾಯೋಲ್‌ಗಳಲ್ಲಿ ಅಲಗಿನ ಬಾಯಿ ಹೋಗಿ ಸ್ಪ್ರಿಂಗಿಗೇ ಬಡಿದು ಮುಕ್ಕಾಗತ್ತೆ. ಹಳೇ ಚಾಕು ಕೊಳ್ಳುವಾಗ ಆ ಮುಕ್ಕನ್ನೇ ಮೊದಲು ಹುಡುಕಿ.

ನನ್ನ ಕೇಳಿದ್ರೆ ಶುರು ಮಾಡಬೇಕಾದ್ದು ಒಪಿನೆಲ್‌ನಿಂದ. ಸವಾಯ್ ಬೆಟ್ಟಸೀಮೆಯಲ್ಲಿ 1890ರಲ್ಲಿ ಹುಟ್ಟಿದ ಬಡವರ ಚಾಕು. ಇದರ ವಯಸ್ಸು ಬಳೆಯಲ್ಲೇ ಗೊತ್ತಾಗತ್ತೆ, ಅಂದ್ರೆ ಹಿಡಿಯ ತುದಿಯಲ್ಲಿ ತಿರುಗಿಸಿ ಅಲಗನ್ನ ಲಾಕ್ ಮಾಡೋ ಲೋಹದ ಬಳೆ. 8ನೇ ನಂಬರ್ ಅಳತೆಯ ಚಾಕುವಿಗೆ ಆ ಬಳೆಯೇ ಇಲ್ಲ ಅಂದ್ರೆ 1955ಕ್ಕಿಂತ ಹಿಂದಿನದು. ಬಳೆ ತಿರುಗಿಸಿದ್ರೆ ತೆರೆದಾಗ ಮಾತ್ರ ಲಾಕ್ ಆಗತ್ತಾ? 1955ರಿಂದ 2000ದ ನಡುವಿನದು. ಮಡಚಿದಾಗಲೂ ಲಾಕ್ ಆದ್ರೆ ಆಮೇಲಿನದು. ಆದರೆ 2ರಿಂದ 5ನೇ ನಂಬರಿನ ಪುಟಾಣಿಗಳಿಗೆ ಇವತ್ತೂ ಬಳೆ ಇಲ್ಲ. ಅದನ್ನೇ ತೋರಿಸಿ "ಹಳೇದು" ಅನ್ನೋರೂ ಇದ್ದಾರೆ!

ಕರಾವಳಿ, ಮಲೆನಾಡಿನವರು ಗಮನಿಸಿ. ಇದರ ಹಿಡಿ ಬೀಚ್ ಮರದ್ದು. ಮಳೆಗಾಲದಲ್ಲಿ ಉಬ್ಬಿ ಅಲಗನ್ನ ಕಚ್ಚಿಕೊಳ್ಳತ್ತೆ. ಉಗುರು ಕಿತ್ತುಕೊಳ್ಳೋ ಮೊದಲು ಸವಾಯ್‌ನವರ ಉಪಾಯ ಮಾಡಿ: ಬಳೆ ತಿರುಗಿಸಿ ಲಾಕ್ ಬಿಡಿಸಿ, ಹಿಡಿಯ ಹಿಂತುದಿಯನ್ನ ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟಿ, ಅಲಗು ತಾನೇ ಇಣುಕತ್ತೆ. ಕೀಲಿಗೆ ಅಡುಗೆ ಎಣ್ಣೆ ಬೇಡ, ಜಿಡ್ಡುಗಟ್ಟತ್ತೆ. ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಸಾಕು.

ಕಾರ್ಬನ್ ಉಕ್ಕಿನ ಅಲಗು ಹಣ್ಣು ಹೆಚ್ಚಿದಷ್ಟೂ ಬೂದುಬಣ್ಣಕ್ಕೆ ತಿರುಗತ್ತೆ. ಅದನ್ನ ಪಾಲಿಶ್ ಹಾಕಿ ಮಿಂಚಿಸಿದ್ರೆ ಹಳೇ ಚಾಕುವಿನ ಬೆಲೆ ಅಲ್ಲೇ ಇಳೀತು. ಉಜ್ಜಬೇಕಾದ್ದು ಕೆಂಪು ತುಕ್ಕನ್ನ ಮಾತ್ರ. ಚಂದದ ಚರ್ಮದ ಚೀಲ ಇದ್ರೆ ಅದನ್ನ ಚಾಕುವಿನ ಪಕ್ಕದಲ್ಲಿಡಿ. ಒಳಗೆ ಹಾಕಿಟ್ರೆ ಚರ್ಮ ಹೀರಿದ ತೇವಕ್ಕೇ ತುಕ್ಕು ಹಿಡಿಯತ್ತೆ.