ಎತ್ತರದ ಬೆಟ್ಟಗಳ ಜ್ವಾಲಾಮುಖಿ ಮಣ್ಣು: ಒಣಗಿದರೆ ಅದು ಬೇರೆಯೇ ಮಣ್ಣು

[ದೃಶ್ಯ: ಬಿಳಿ ತಟ್ಟೆಯಲ್ಲಿ ಅಕ್ಕಪಕ್ಕ ಎರಡು ಹಿಡಿ ಕಪ್ಪು ಮಣ್ಣು. ಕ್ಯಾಮೆರಾ ತೀರ ಹತ್ತಿರಕ್ಕೆ.]

ತಟ್ಟೆಯಲ್ಲಿರುವ ಎರಡು ಹಿಡಿ ಮಣ್ಣೂ ಒಂದೇ ಗುಂಡಿಯದು, ಒಂದೇ ಆಳದ್ದು. ಎಡಗಡೆಯದನ್ನು ಅಗೆದಾಗಿನಿಂದ ಒಣಗಲು ಬಿಟ್ಟಿಲ್ಲ. ಬಲಗಡೆಯದನ್ನು ಓವನ್‌ನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ನೀರು ಹಾಕಿ ನೆನೆಸಿದೆ. ಬೆರಳ ನಡುವೆ ತಿಕ್ಕಿದರೆ ಎಡಗಡೆಯದು ಬೆಣ್ಣೆಯಂತೆ ಜಾರುತ್ತದೆ. ಬಲಗಡೆಯದು ಗರಗರ ಅನ್ನುತ್ತದೆ. ಇನ್ನೂ ಎಷ್ಟು ಹೊತ್ತು ನೆನೆಸಿಟ್ಟರೂ ಆ ಗರಗರ ಹೋಗುವುದಿಲ್ಲ.

ಸಾಧಾರಣ ಜೇಡಿಮಣ್ಣು ಒಣಗಿ ಹೆಂಟೆಯಾದರೂ ನೀರು ಕುಡಿದ ಮೇಲೆ ಮತ್ತೆ ಮೆತ್ತಗಾಗುತ್ತದೆ. ಈ ಮಣ್ಣು ಹಾಗೆ ಹಿಂದಿರುಗುವುದಿಲ್ಲ. ಇದು ಆಂಡೊಸಾಲ್; ಅಮೆರಿಕದ ವರ್ಗೀಕರಣದಲ್ಲಿ ಆಂಡಿಸಾಲ್. ಜ್ವಾಲಾಮುಖಿ ಬೂದಿ, ಪ್ಯೂಮಿಸ್ ಎಂಬ ತೂತುತೂತಾದ ಹಗುರ ಕಲ್ಲು, ಲಾವಾ ಶಿಲೆಗಳಿಂದ ಹುಟ್ಟುವ ಮಣ್ಣು. ಭೂಮಿಯ ಒಟ್ಟು ನೆಲದಲ್ಲಿ ಶೇ. 1ಕ್ಕಿಂತ ಕಡಿಮೆ ಜಾಗದಲ್ಲಷ್ಟೇ ಇದೆ. ಎಕ್ವಡಾರ್ ಮತ್ತು ಕೊಲಂಬಿಯಾದ ಪಾರಮೊ ಎಂಬ ಎತ್ತರದ ಬೆಟ್ಟದ ಹುಲ್ಲುಗಾವಲು, ಕಿಲಿಮಂಜಾರೊ ಮತ್ತು ಮೌಂಟ್ ಕೆನ್ಯಾದ ಇಳಿಜಾರು, ಜಪಾನ್, ಹವಾಯಿ ಇದರ ಮುಖ್ಯ ನೆಲೆಗಳು. ಇದನ್ನು ಅಳೆಯುವಾಗ, ಉಳುವಾಗ, ಗೊಬ್ಬರ ಹಾಕುವಾಗ ಆಗುವ ಬಹುತೇಕ ತಪ್ಪುಗಳಿಗೆ ಮೂಲ ಒಂದೇ: ಬೇರೆ ಮಣ್ಣುಗಳಿಗೆ ಮಾಡಿಟ್ಟ ಲೆಕ್ಕವನ್ನು ಇದಕ್ಕೂ ಹಚ್ಚುವುದು.

[ದೃಶ್ಯ: ಅನಿಮೇಶನ್. ಬೂದಿಯ ಗಾಜಿನ ಚೂರು ಕರಗಿ, ಟೊಳ್ಳು ಗೋಲಗಳು ಮೂಡುತ್ತವೆ.]

ಸಿಡಿದ ಶಿಲಾರಸ ಗಾಳಿಯಲ್ಲಿ ಥಟ್ಟನೆ ತಣ್ಣಗಾದಾಗ ಹರಳು ಕಟ್ಟಲು ಸಮಯ ಸಿಗದೆ ಗಾಜಾಗುತ್ತದೆ. ಈ ಗಾಜು ಹರಳಿನ ಖನಿಜಗಳಿಗಿಂತ ಬೇಗ ಕರಗುತ್ತದೆ. ಅದರಿಂದ ಹೊರಬರುವ ಅಲ್ಯೂಮಿನಿಯಂ ಮತ್ತು ಸಿಲಿಕಾ ಶಿಸ್ತಾಗಿ ಪದರ ಪದರದ ಜೇಡಿಯಾಗುವ ಮೊದಲೇ ಅಲೋಫೇನ್ ಆಗಿ ಸೇರಿಕೊಳ್ಳುತ್ತವೆ. ಅಲೋಫೇನ್‌ನ ಒಂದೊಂದು ಕಣವೂ 3.5ರಿಂದ 5 ನ್ಯಾನೊಮೀಟರ್ ಅಗಲದ ಟೊಳ್ಳು ಗೋಲ, ಗೋಡೆಯಲ್ಲಿ ಸಣ್ಣ ತೂತುಗಳು. ಇದರ ಜೊತೆಗಾರ ಇಮೊಗೊಲೈಟ್, ಸುಮಾರು 2 ನ್ಯಾನೊಮೀಟರ್ ಹೊರ ಅಗಲದ ಕೊಳವೆ. 1962ರಲ್ಲಿ ಜಪಾನಿನ ಯೊಶಿನಾಗ ಮತ್ತು ಅಒಮಿನೆ ಇದನ್ನು ಮೊದಲು ವರದಿ ಮಾಡಿದರು.

ಇಷ್ಟು ಸಣ್ಣ ಟೊಳ್ಳು ಕಣಗಳಿರುವುದರಿಂದ ಒಂದೇ ಗ್ರಾಂ ಅಲೋಫೇನ್‌ಗೆ ನೂರಾರು ಚದರ ಮೀಟರ್ ಮೇಲ್ಮೈ ಇರುತ್ತದೆ. ನೀರು ಹಿಡಿಯುವುದು, ರಂಜಕವನ್ನು ಕಚ್ಚಿಕೊಳ್ಳುವುದು, ಇಂಗಾಲವನ್ನು ಕಾಪಾಡುವುದು, ಎಲ್ಲವೂ ಆ ಮೇಲ್ಮೈಯ ಕೆಲಸ. ಒಣಗಿದಾಗ ಕಣಗಳು ಒಂದಕ್ಕೊಂದು ಅಂಟಿ ಮರಳಿನ ಗಾತ್ರದ ಕಾಳಾಗುತ್ತವೆ, ಆ ಮೇಲ್ಮೈಯ ಬಹುಪಾಲು ಒಳಗೇ ಮುಚ್ಚಿಹೋಗುತ್ತದೆ.

ಎತ್ತರದ ಪಾತ್ರ ಇಲ್ಲಿ ದೊಡ್ಡದು. ಪಾರಮೊ ಸುಮಾರು 3,000 ಮೀಟರ್‌ಗಿಂತ ಮೇಲಿದೆ: ಚಳಿ, ಮಂಜು, ವರ್ಷವಿಡೀ ತೇವ. ಬೇರು, ಹುಲ್ಲು ಕೊಳೆಯುವುದು ತೀರ ನಿಧಾನ, ಹಾಗಾಗಿ ಹ್ಯೂಮಸ್, ಅಂದರೆ ಕೊಳೆತ ಸಾವಯವ ಅಂಶ, ರಾಶಿ ಬೀಳುತ್ತದೆ. ರಸಸಾರ (ಹುಳಿ-ಕ್ಷಾರದ ಅಳತೆ, pH) 5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಸಿಲಿಕಾವನ್ನು ಬಿಟ್ಟು ಹ್ಯೂಮಸ್‌ಗೆ ಕಟ್ಟಿಕೊಳ್ಳುತ್ತದೆ, ಅಲೋಫೇನ್ ಕಡಿಮೆಯಾಗುತ್ತದೆ. ರಸಸಾರ 5ಕ್ಕಿಂತ ಮೇಲಿದ್ದರೆ ಅಲೋಫೇನ್ ಮೇಲುಗೈ. ಒಂದೇ ಗುಂಡಿಯಲ್ಲಿ ಮೇಲಿನ ಪದರ ಮೊದಲ ಬಗೆ, ಕೆಳಗಿನದು ಎರಡನೆಯದು ಆಗಿರುವುದೂ ಉಂಟು. ಈ ಭೇದ ಮುಖ್ಯ, ಏಕೆಂದರೆ ಮೊದಲ ಬಗೆಯಲ್ಲಿ ಅಲ್ಯೂಮಿನಿಯಂ ಬೇರಿಗೆ ವಿಷವಾಗುತ್ತದೆ. ಎರಡನೆಯದರಲ್ಲಿ ಆ ಕಾಟ ಅಪರೂಪ.

ವಯಸ್ಸೂ ಎಣಿಕೆಗೆ ಬರುತ್ತದೆ. ಹವಾಯಿಯಲ್ಲಿ ಮಳೆ, ಎತ್ತರ ಹೆಚ್ಚುಕಡಿಮೆ ಒಂದೇ ಇರುವ, 300 ವರ್ಷದಿಂದ 41 ಲಕ್ಷ ವರ್ಷದವರೆಗಿನ ನೆಲಗಳನ್ನು ಹೋಲಿಸಿದಾಗ ಇಂಥ ಹರಳಿಲ್ಲದ ಖನಿಜ ಮತ್ತು ಇಂಗಾಲ ಎರಡೂ ಸುಮಾರು 1,50,000 ವರ್ಷದ ನೆಲದಲ್ಲಿ ತುತ್ತತುದಿಯಲ್ಲಿದ್ದವು. ಆಮೇಲೆ ಹರಳಿನ ಜೇಡಿ ಮತ್ತು ಆಕ್ಸೈಡ್‌ಗಳು ಹೆಚ್ಚುತ್ತ, ಇಂಗಾಲವೂ ಇಳಿಯಿತು.

[ದೃಶ್ಯ: ಅಗೆದ ಗುಂಡಿಯ ಗೋಡೆ. ಪಕ್ಕದಲ್ಲಿ ಅಳತೆ ಪಟ್ಟಿ. ಮೇಲೆ ಕಪ್ಪು, ಕೆಳಗೆ ಹಳದಿ ಮಿಶ್ರಿತ ಕಂದು, ನಡುವೆ ಮತ್ತೊಂದು ಕಪ್ಪು ಪಟ್ಟಿ.]

ಗುಂಡಿಯಲ್ಲಿ ಮೇಲಿನ ಕಪ್ಪು ಪದರದ ಕೆಳಗೆ ಕಂದು ಪದರ, ಅದರ ಕೆಳಗೆ ಮತ್ತೆ ಕಪ್ಪು ಕಂಡರೆ ಗಾಬರಿ ಬೇಡ. ಅದು ಹಳೆಯ ಮೇಲ್ಮಣ್ಣು, ಮುಂದಿನ ಸ್ಫೋಟದ ಬೂದಿ ಅದನ್ನು ಹೂತುಹಾಕಿದೆ. ಮಾದರಿಯನ್ನು ಪದರಕ್ಕೊಂದರಂತೆ ತೆಗೆಯಿರಿ. 0ಯಿಂದ 30 ಸೆಂ.ಮೀ. ಎಂದು ಕಣ್ಣುಮುಚ್ಚಿ ಬೆರೆಸಿದರೆ ಎರಡು ಕಾಲದ ಮಣ್ಣು ಒಂದಾಗುತ್ತದೆ.

ಗುರುತಿಸುವುದು ಹೀಗೆ. ಮೊದಲು ತೂಕ. 100 ಘನ ಸೆಂ.ಮೀ.ನ ಲೋಹದ ಉಂಗುರವನ್ನು ಹಸಿ ಪದರಕ್ಕೆ ನಿಧಾನವಾಗಿ ಒತ್ತಿ, ಎರಡೂ ತುದಿ ಚಾಕುವಿನಿಂದ ಸಮ ಮಾಡಿ, 105 ಡಿಗ್ರಿಯಲ್ಲಿ ಒಣಗಿಸಿ ತೂಗಿ. ಸಾಧಾರಣ ಮಣ್ಣು 120–140 ಗ್ರಾಂ ಬರುತ್ತದೆ. ಇಲ್ಲಿ 90 ಗ್ರಾಂ ಅಥವಾ ಕಡಿಮೆ, ಎಂದರೆ ಸಾಂದ್ರತೆ (ಘನ ಸೆಂ.ಮೀ.ಗೆ ಇಷ್ಟು ಗ್ರಾಂ ಎಂಬ ಲೆಕ್ಕ) 0.9ಕ್ಕಿಂತ ಮೇಲಿಲ್ಲ. ಹ್ಯೂಮಸ್ ತುಂಬಿದ ಪದರದಲ್ಲಿ 60 ಗ್ರಾಂ ಕೂಡ ಬರಬಹುದು. ಗಾತ್ರವನ್ನು ಹಸಿಯಿದ್ದಾಗಲೇ ಅಳೆಯಬೇಕು. ಒಣಗಿದ ಹೆಂಟೆಯ ಗಾತ್ರ ಹಿಡಿದರೆ ಮಣ್ಣು ಕುಗ್ಗಿರುವುದರಿಂದ ಸಾಂದ್ರತೆ ಸುಳ್ಳೇ ಹೆಚ್ಚು ತೋರುತ್ತದೆ.

[ದೃಶ್ಯ: ಕೈಗವಸು ಹಾಕಿದ ಕೈ. ಸೋಸುಕಾಗದ, ಹನಿ ಬಾಟಲಿ. ಕಾಗದ ಗುಲಾಬಿಯಾಗುತ್ತದೆ.]

ಎರಡನೆಯದು ಫ್ಲೋರೈಡ್ ಪರೀಕ್ಷೆ. 1 ಗ್ರಾಂ ಮಣ್ಣಿಗೆ 1 ಮೋಲಾರ್ ಸೋಡಿಯಂ ಫ್ಲೋರೈಡ್ ದ್ರಾವಣ 50 ಮಿ.ಲೀ. ಸೇರಿಸಿ ಕಲಕಿ, 2 ನಿಮಿಷಕ್ಕೆ ರಸಸಾರ ಓದಿ. 9.5 ಅಥವಾ ಮೇಲೆ ಬಂದರೆ ಚುರುಕಾದ ಅಲ್ಯೂಮಿನಿಯಂ ಇದೆ ಎಂದರ್ಥ: ಫ್ಲೋರೈಡ್ ಅದನ್ನು ಹಿಡಿದುಕೊಂಡು ಹೈಡ್ರಾಕ್ಸೈಡನ್ನು ಹೊರದೂಡುತ್ತದೆ. ರಸಸಾರದ ಮೀಟರ್ ಇಲ್ಲದಿದ್ದರೆ ಫಿನಾಲ್ಫ್ತಲೀನ್ (ಕ್ಷಾರ ತಾಗಿದರೆ ಗುಲಾಬಿಯಾಗುವ ಸೂಚಕ) ಹಚ್ಚಿ ಒಣಗಿಸಿದ ಸೋಸುಕಾಗದದ ಮೇಲೆ ಚಿಟಿಕೆ ಮಣ್ಣಿಟ್ಟು ದ್ರಾವಣದ ಹನಿ ಹಾಕಿ. ಗುಲಾಬಿ ಬಣ್ಣ ಬೇಗ ಮೂಡುತ್ತದೆ. ಮಣ್ಣಿನಲ್ಲಿ ಸುಣ್ಣವಿದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ. ಫ್ಲೋರೈಡ್ ವಿಷ. ಕೈಗವಸು ಬೇಕೇ ಬೇಕು, ಆಮ್ಲದ ಹತ್ತಿರ ಈ ಬಾಟಲಿ ಇಡಲೇಬಾರದು.

ಇವು ಸುಳಿವು ಮಾತ್ರ. ಪಕ್ಕಾ ತೀರ್ಪು ಪ್ರಯೋಗಾಲಯದಲ್ಲಿ: ಆಕ್ಸಲೇಟ್ ಎಂಬ ರಾಸಾಯನಿಕದ ದ್ರಾವಣದಿಂದ ಹೊರತೆಗೆದ ಅಲ್ಯೂಮಿನಿಯಂ ಜೊತೆ ಕಬ್ಬಿಣದ ಅರ್ಧ ಸೇರಿ ಶೇ. 2 ಅಥವಾ ಹೆಚ್ಚು, ರಂಜಕ ಹಿಡಿತ ಶೇ. 85 ಅಥವಾ ಹೆಚ್ಚು. ಗಾಜು ಇನ್ನೂ ಉಳಿದಿರುವ ಎಳೆಯ ಮಣ್ಣಿಗೆ ಮಿತಿ ಇದಕ್ಕಿಂತ ಸಡಿಲ.

ಆ ಶೇ. 85 ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಿ ನೋಡೋಣ.

[ಪರದೆಯ ಮೇಲೆ ಲೆಕ್ಕ ಒಂದೊಂದೇ ಸಾಲಾಗಿ ಮೂಡುತ್ತದೆ.]

ಈ ಪರೀಕ್ಷೆಯಲ್ಲಿ 5 ಗ್ರಾಂ ಮಣ್ಣಿಗೆ, ಲೀಟರಿಗೆ 1,000 ಮಿ.ಗ್ರಾಂ ರಂಜಕವಿರುವ ದ್ರಾವಣ 25 ಮಿ.ಲೀ. ಕೊಡುತ್ತಾರೆ. ಅಂದರೆ ಗ್ರಾಂ ಮಣ್ಣಿಗೆ 5 ಮಿ.ಗ್ರಾಂ ರಂಜಕ. ಅದರ ಶೇ. 85 ಎಂದರೆ 4.25 ಮಿ.ಗ್ರಾಂ. ಒಂದು ಹೆಕ್ಟೇರಿನ 15 ಸೆಂ.ಮೀ. ಆಳದ ಮಣ್ಣು, ಸಾಂದ್ರತೆ 0.7 ಇದ್ದರೆ, 1,050 ಟನ್. ಅಷ್ಟೂ ಮಣ್ಣು ಹಿಡಿದಿಡಬಲ್ಲ ರಂಜಕ ಸುಮಾರು 4,460 ಕಿಲೊ. ಇಂಥ ನೆಲದ ಮೇಲೆ 40 ಕಿಲೊ ರಂಜಕ ಎರಚಿದರೆ ಬೆಳೆಗೆ ಎಷ್ಟು ಉಳಿದೀತು?

ಆದ್ದರಿಂದ ಎರಚಬೇಡಿ. ಬೀಜದ ಪಕ್ಕಕ್ಕೆ 5 ಸೆಂ.ಮೀ., ಕೆಳಕ್ಕೆ 5 ಸೆಂ.ಮೀ. ಸಾಲಾಗಿ ಹಾಕಿ, ಆಗ ಗೊಬ್ಬರ ತಾಗುವ ಮಣ್ಣು ಕಡಿಮೆಯಾಗುತ್ತದೆ. ಪುಡಿಗಿಂತ ಹರಳುಗೊಬ್ಬರ ಮೇಲು, ಕಾರಣ ಅದೇ. ಜೊತೆಗೆ ಚೆನ್ನಾಗಿ ಕಳಿತ ಸಾವಯವ ಗೊಬ್ಬರ ಕೊಟ್ಟರೆ ಅದರ ಆಮ್ಲಗಳು ರಂಜಕದ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಸುಣ್ಣ ಹಾಕುವುದು ಬೇರಿಗೆ ವಿಷವಾಗುವ ಅಲ್ಯೂಮಿನಿಯಂ ತಗ್ಗಿಸಲು. ರಂಜಕ ಹಿಡಿತ ಅದರಿಂದಲೇ ಬಿಡುತ್ತದೆ ಎಂದು ನೆಚ್ಚಬೇಡಿ. ಈ ಮಣ್ಣು ರಸಸಾರ ಬದಲಾಗದಂತೆ ತಡೆಯುವುದರಿಂದ ಸುಣ್ಣವೂ ಹೆಚ್ಚು ಬೇಕಾಗುತ್ತದೆ.

ಪ್ರಯೋಗಾಲಯದ ವರದಿಯಲ್ಲಿ ಇನ್ನೂ ಎರಡು ಕಡೆ ಎಡವುತ್ತಾರೆ. ಪೊಟ್ಯಾಶ್, ಕ್ಯಾಲ್ಸಿಯಂ ಹಿಡಿದಿಡುವ ಶಕ್ತಿಯನ್ನು ರಸಸಾರ 7ರಲ್ಲಿ ಅಳೆದರೆ ಅಂಕಿ ದೊಡ್ಡದಾಗಿ ಬರುತ್ತದೆ, ಏಕೆಂದರೆ ಪೋಷಕಾಂಶ ಹಿಡಿಯುವ ಈ ಮಣ್ಣಿನ ಕಣಗಳ ವಿದ್ಯುದಂಶ ರಸಸಾರದ ಜೊತೆ ಏರಿಳಿಯುತ್ತದೆ. ಹೊಲದ ರಸಸಾರ 5 ಇದ್ದರೆ ನಿಜವಾದ ಶಕ್ತಿ ಅದಕ್ಕಿಂತ ಬಹಳ ಕಡಿಮೆ; ಪೊಟ್ಯಾಶ್ ಸುಲಭವಾಗಿ ತೊಳೆದುಹೋಗುತ್ತದೆ, ಕಂತು ಕಂತಾಗಿ ಕೊಡಬೇಕು. ಇನ್ನೊಂದು ಇಂಗಾಲದ ಲೆಕ್ಕ. ಶೇ. 8 ಇಂಗಾಲ, 30 ಸೆಂ.ಮೀ. ಆಳ, ಸಾಂದ್ರತೆ 0.6 ಹಿಡಿದರೆ ಹೆಕ್ಟೇರಿಗೆ 144 ಟನ್. ಅಳೆಯದೆ 1.3 ಎಂದು ಊಹಿಸಿದರೆ 312 ಟನ್! ಒಂದು ಉಂಗುರದ ಮಾದರಿ ತೆಗೆಯದ ಸೋಮಾರಿತನಕ್ಕೆ ಇಷ್ಟು ದೊಡ್ಡ ತಪ್ಪು.

ಜೇಡಿ-ಮರಳಿನ ಪ್ರಮಾಣದ ಪರೀಕ್ಷೆಗೆ ಒಣಗಿಸಿ ಜರಡಿ ಹಿಡಿದ ಮಣ್ಣು ಕೊಟ್ಟರೆ ಜೇಡಿ ಮರಳೆಂದು ವರದಿಯಾಗುತ್ತದೆ. ಮಾದರಿಯನ್ನು ಗಾಳಿಯಾಡದ ಎರಡು ಪದರದ ಚೀಲದಲ್ಲಿ ಕಟ್ಟಿ, ತಂಪಾಗಿಟ್ಟು, ಚೀಲದ ಮೇಲೆ ‘ಒಣಗಿಸಬೇಡಿ’ ಎಂದು ಬರೆದು ಕಳಿಸಿ. ತೇವಾಂಶಕ್ಕೆ ಬೇರೆಯೇ ಸಣ್ಣ ಭಾಗ ತೆಗೆದಿಡಿ.

[ದೃಶ್ಯ: ಹುಲ್ಲಿನ ಇಳಿಜಾರು, ಅದನ್ನು ಸೀಳಿದ ಬಸಿಗಾಲುವೆ. ಕಾಲುವೆಯ ಅಂಚಿನ ಮಣ್ಣು ಬಿರುಕು ಬಿಟ್ಟಿದೆ.]

ಈಗ ನೀರು. ಸಾಂದ್ರತೆ 0.6 ಇದ್ದರೆ ಮಣ್ಣಿನ ಗಾತ್ರದ ಸುಮಾರು ಶೇ. 77 ಬರೀ ರಂಧ್ರ. ಬೊಗೋಟಾ, ಕೀಟೊದಂಥ ನಗರಗಳ ಕುಡಿಯುವ ನೀರಿನ ದೊಡ್ಡ ಪಾಲು ಪಾರಮೊದಿಂದ ಬರುವುದಕ್ಕೆ ಮಳೆ-ಮಂಜಿನ ಜೊತೆ ಈ ರಂಧ್ರಗಳೂ ಕಾರಣ. ಹೊಲ ಮಾಡಲು ಬಸಿಗಾಲುವೆ ತೋಡಿದಾಗ ಮೊದಲು ಒಣಗುವುದು ಅಂಚು. ಅಲ್ಲಿ ಮಣ್ಣು ಕಾಳುಕಾಳಾಗಿ, ನೀರನ್ನು ಒಳಗೆ ಬಿಡದೆ ಮೇಲಿಂದಲೇ ಜಾರಿಸುತ್ತದೆ, ಬಿಸಿಲಲ್ಲಿ ಗಾಳಿಗೆ ಹಾರುತ್ತದೆ. ಪೈನ್ ತೋಪು ಬೆಳೆಸಿದಾಗಲೂ ಮರಗಳು ಹುಲ್ಲಿಗಿಂತ ಹೆಚ್ಚು ನೀರು ಕುಡಿದು ಮಣ್ಣಿನ ತೇವ ಇಳಿಸುತ್ತವೆ, ತೊರೆಗೆ ಸೇರುವ ನೀರು ಕಡಿಮೆಯಾಗುತ್ತದೆ.

ಹಾಳಾದ ಜಾಗದಲ್ಲಿ ಮೊದಲು ಮಾಡಬೇಕಾದ್ದು ಕಾಲುವೆ ಮುಚ್ಚುವುದು. ಮೇಲಿನ ತುದಿಯಿಂದ ಶುರುಮಾಡಿ, ಮರದ ಹಲಗೆ ಮತ್ತು ಬೇರುಮಣ್ಣು ಸಹಿತ ಕತ್ತರಿಸಿದ ಹುಲ್ಲುಹೆಪ್ಪಿನಿಂದ ಸಣ್ಣ ಸಣ್ಣ ಅಡ್ಡಗಟ್ಟೆಗಳನ್ನು ಹಾಕಿ. ಕೆಳಗಿನ ಗಟ್ಟೆಯಲ್ಲಿ ನಿಂತ ನೀರು ಮೇಲಿನ ಗಟ್ಟೆಯ ಬುಡ ಮುಟ್ಟುವಷ್ಟು ಹತ್ತಿರಹತ್ತಿರ ಇರಲಿ. ಇಳಿಜಾರು ಕಡಿದಾದಷ್ಟೂ ಗಟ್ಟೆಗಳ ಸಂಖ್ಯೆ ಹೆಚ್ಚಬೇಕು, ಅವುಗಳ ಬದಲು ಎತ್ತರವಾದ ಒಂದೇ ಒಂದು ಗಟ್ಟೆ ಕಟ್ಟಿದರೆ ಮೊದಲ ಜೋರು ಮಳೆಗೇ ಪಕ್ಕದ ಸಡಿಲ ಮಣ್ಣು ಕೊಚ್ಚಿಹೋಗುತ್ತದೆ. ಟ್ರ್ಯಾಕ್ಟರ್ ಒಳಗೆ ಇಳಿಸಬೇಡಿ: ಈ ಹಸಿ ಮಣ್ಣು ನಿಂತಲ್ಲಿ ಗಟ್ಟಿಯಾಗಿ ಕಂಡರೂ ಗಾಲಿ ಮತ್ತೆ ಮತ್ತೆ ತುಳಿದರೆ ನೀರು ಬಿಟ್ಟು ರಾಡಿಯಾಗುತ್ತದೆ.