ಕಾಂಡ್ಲಾ ಬುಡದ ಕೆಸರು

ಕೇಳುಗರಿಗೆ ನಮಸ್ಕಾರ.

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ತೆಗೆಯುವ ಯಂತ್ರ ಬಂದಿದೆಯಂತೆ, ಇನ್ನು ಭೂಮಿ ಬಿಸಿಯಾಗುವ ಚಿಂತೆ ಬೇಡ ಎನ್ನುವವರಿದ್ದಾರೆ. ಯಂತ್ರ ಬಂದಿರುವುದು ನಿಜ. 2024ರಲ್ಲಿ ಐಸ್‌ಲ್ಯಾಂಡಿನಲ್ಲಿ ಶುರುವಾದ ‘ಮ್ಯಾಮತ್’ ಸ್ಥಾವರ ದೊಡ್ಡ ಫ್ಯಾನುಗಳಿಂದ ಗಾಳಿ ಎಳೆದು, ಅನಿಲವನ್ನು ಬೇರ್ಪಡಿಸುತ್ತದೆ. ಅದನ್ನು ನೀರಲ್ಲಿ ಕರಗಿಸಿ ನೆಲದಡಿಯ ಬಸಾಲ್ಟ್ ಬಂಡೆಗೆ ಇಳಿಸಿದರೆ, ಅಲ್ಲೇ ಕಲ್ಲಾಗುತ್ತದೆ. ಪೂರ್ತಿ ಸಾಮರ್ಥ್ಯದಲ್ಲಿ ನಡೆದರೆ ವರ್ಷಕ್ಕೆ 36,000 ಟನ್. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಜಗತ್ತು ವರ್ಷಕ್ಕೆ ಬಿಡುವುದು ಸುಮಾರು 3,700 ಕೋಟಿ ಟನ್. ಭಾಗಿಸಿ ನೋಡಿ, ಯಂತ್ರದ ಇಡೀ ವರ್ಷದ ದುಡಿಮೆ ನಮ್ಮ ಅರ್ಧ ನಿಮಿಷದ ಹೊಗೆಗೆ ಸಮ! ಗಾಳಿಯ 10,000 ಅಣುಗಳಲ್ಲಿ ಈ ಅನಿಲದ್ದು ನಾಲ್ಕು ಚಿಲ್ಲರೆ ಮಾತ್ರ. ಹೆಕ್ಕುವುದಕ್ಕೆ ಶಾಖವೂ ಬೇಕು, ವಿದ್ಯುತ್ತೂ ಬೇಕು.

ಯಂತ್ರ ಬೇಡ ಎನ್ನುತ್ತಿಲ್ಲ. ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ಕರೆಂಟಿಲ್ಲದೆ ನಡೆದಿರುವ ಕೆಲಸವನ್ನೂ ನೋಡಿ ಎನ್ನುತ್ತಿದ್ದೇನೆ. ಇಳಿತದ ಹೊತ್ತಿಗೆ ಕುಮಟಾ ಕಡೆಯ ಯಾವುದಾದರೂ ಗಜನಿ, ಅಂದರೆ ಉಪ್ಪುನೀರಿನ ಗದ್ದೆಯ ಕಟ್ಟೆಯಿಂದ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ಬುಡಕ್ಕೆ ಇಳಿಯಿರಿ. ಮೊಣಕಾಲಿನವರೆಗೆ ಕೆಸರು, ಅದರಿಂದ ಮೇಲೆದ್ದ ಪೆನ್ಸಿಲ್ ಗಾತ್ರದ ಉಸಿರುಬೇರುಗಳು, ಕೊಳೆತ ಮೊಟ್ಟೆಯ ವಾಸನೆ. ಕೆಸರಿನಲ್ಲಿ ಆಮ್ಲಜನಕ ಇಲ್ಲವೆನ್ನುವುದಕ್ಕೆ ಆ ವಾಸನೆಯೇ ಗುರುತು. ಆಮ್ಲಜನಕವಿಲ್ಲದೆ ಉದುರಿದ ಎಲೆ, ಸತ್ತ ಬೇರು ಪೂರ್ತಿ ಕೊಳೆಯುವುದಿಲ್ಲ. ಉಬ್ಬರ ತಂದ ಹೂಳು ಮೇಲೆ ಕೂರುತ್ತದೆ, ಗಿಡ ಗಾಳಿಯಿಂದ ಹೀರಿದ ಇಂಗಾಲ ನೂರಾರು ವರ್ಷ ಅಡಿಯಲ್ಲೇ ಉಳಿಯುತ್ತದೆ. ಶಿರಸಿಯ ಸೊಪ್ಪಿನ ಬೆಟ್ಟದ ದರಕು, ಅಂದರೆ ಒಣಗಿ ಉದುರಿದ ಎಲೆ, ಹಾಗಲ್ಲ. ಒಂದೆರಡು ಮಳೆಗಾಲದಲ್ಲಿ ಗೊಬ್ಬರವಾಗಿ, ಅದರ ಇಂಗಾಲದ ಬಹುಪಾಲು ಮತ್ತೆ ಗಾಳಿಗೇ ಹೋಗುತ್ತದೆ.

ಸೀಗಡಿ ಹೊಂಡಕ್ಕೋ ರಸ್ತೆಗೋ ಆ ಕೆಸರನ್ನು ಅಗೆದು ಒಣಗಿಸಿದಿರಿ ಎನ್ನಿ, ಅಷ್ಟು ಕಾಲ ಕೂಡಿದ್ದರಲ್ಲಿ ದೊಡ್ಡ ಪಾಲು ಕೆಲವೇ ವರ್ಷಗಳಲ್ಲಿ ಗಾಳಿ ಸೇರಬಹುದು. ಆಮೇಲೆ ಪಕ್ಕದಲ್ಲಿ ಸಾವಿರ ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೆ ಅದು ಸರಿಹೋಗದು. ಇದ್ದದ್ದನ್ನು ಅಗೆಯದಿರುವುದೇ ಮೊದಲ ಕೆಲಸ. ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಸಂತೋಷ. ಪಟ್ಟಿ ಬಂದು ಜೆಸಿಬಿ ತಡೆಯುವುದಿಲ್ಲ.

ನೆಡುವುದಿದ್ದರೆ ಜಾಗ ನೋಡಿ ನೆಡಿ. ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಆಯುವ ಬಯಲಿನಲ್ಲಿ ಬೇಡ, ಅದು ಎಷ್ಟೋ ಮನೆಗಳ ಅನ್ನ. ಗಜನಿ ಕಟ್ಟೆಯ ಹೊರ ಅಂಚಿಗಾದರೆ ಅಲೆಯ ಹೊಡೆತ ತಗ್ಗಿ ಕಟ್ಟೆ ಉಳಿಯುತ್ತದೆ, ಒಳಗಿನ, ಉಪ್ಪುನೀರು ತಾಳುವ ಕಗ್ಗ ಭತ್ತವೂ ಉಳಿಯುತ್ತದೆ. ಇಷ್ಟೆಲ್ಲ ಮಾಡಿದರೂ 3,700 ಕೋಟಿ ಟನ್ನಿಗೆ ಕಾಂಡ್ಲಾ ಉತ್ತರವಲ್ಲ. ಹೊಗೆ ಕಡಿಮೆಯಾಗದೆ ಯಂತ್ರವೂ ಸಾಲದು, ಕೆಸರೂ ಸಾಲದು.

ನಮಸ್ಕಾರ.